ಬಾಯಿಪಾಠವಾದ ಸಿನಿಮಾಕ್ಕೆ ಯಾವ ಕಾಪಿ ವಾಸಿ?

ಮೊದಲ ಸಲ ನೋಡುವಾಗ ಕಾಪಿ ಸ್ವಲ್ಪ ಕೆಟ್ಟಿದ್ದರೂ ಕಥೆ ಎಳೆದುಕೊಂಡು ಹೋಗುತ್ತದೆ. ಇಪ್ಪತ್ತನೇ ಸಲಕ್ಕೆ ಆ ರಿಯಾಯಿತಿ ಇಲ್ಲ. ಮುಂದಿನ ಡೈಲಾಗ್ ಗೊತ್ತು, ‘ಕಸ್ತೂರಿ ನಿವಾಸ’ದ ಪಾರಿವಾಳದ ಗತಿ ಏನಾಗುತ್ತದೆಂದೂ ಗೊತ್ತು. ಹಾಗಾಗಿ ಕಣ್ಣು ಹೋಗುವುದು ಮುಖದ ಮೇಲಿನ ನೆರಳಿಗೆ, ಕಿವಿ ಹೋಗುವುದು ಪಲ್ಲವಿ ಎತ್ತುವ ಮುಂಚಿನ ಉಸಿರಿಗೆ. ಕೆಟ್ಟ ಕಾಪಿಯಲ್ಲಿ ಮೊದಲು ಸಾಯುವುದು ಇವೆರಡೇ.

‘ಕಸ್ತೂರಿ ನಿವಾಸ’, ‘ನಾಗರಹಾವು’, ‘ಬಬ್ರುವಾಹನ’, ‘ಗಣೇಶನ ಮದುವೆ’, ‘ಓಂ’, ‘ಮುಂಗಾರು ಮಳೆ’. ಈ ಆರು ಚಿತ್ರಗಳ ಬಗ್ಗೆ ಜನ ಎಂದೋ ತೀರ್ಪು ಕೊಟ್ಟಾಗಿದೆ. ಅವು ಯಾವ ರೂಪದಲ್ಲಿ ಸಿಕ್ಕರೆ ನೋಡಬಹುದು, ಯಾವುದನ್ನು ಮುಚ್ಚಿಡಬೇಕು ಎಂಬುದಷ್ಟೇ ಇಲ್ಲಿನ ಲೆಕ್ಕ.

ಸರ್ಟಿಫಿಕೇಟ್ ಓಡಿಸಬೇಡಿ

ಶುರುವಿನಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ಎಲ್ಲರೂ ಮುಂದಕ್ಕೆ ತಳ್ಳುತ್ತಾರೆ. ಅಲ್ಲೇ ನಿಲ್ಲಿಸಿ. ಚಿತ್ರದ ಉದ್ದ ಮೀಟರುಗಳಲ್ಲಿ, ಜೊತೆಗೆ ರೀಲುಗಳ ಸಂಖ್ಯೆ ಅದರಲ್ಲಿರುತ್ತದೆ. 35 ಎಂಎಂ ಫಿಲ್ಮಿನ ಒಂದಡಿಯಲ್ಲಿ 16 ಫ್ರೇಮು, ಸೆಕೆಂಡಿಗೆ ಓಡುವುದು 24 ಫ್ರೇಮು. ಅಂದರೆ ನಿಮಿಷಕ್ಕೆ 90 ಅಡಿ, ಮೀಟರಿನಲ್ಲಿ 27.4. ಸರ್ಟಿಫಿಕೇಟಿನಲ್ಲಿ 4,110 ಮೀಟರ್ ಎಂದಿದ್ದರೆ 27.4ರಿಂದ ಭಾಗಿಸಿ: 150 ನಿಮಿಷ. ಉದ್ದ ಅಡಿಗಳಲ್ಲಿದ್ದರೆ 90ರಿಂದ ಭಾಗಿಸಿದರಾಯಿತು.

ಈಗ ಪ್ಲೇಯರಿನ ಕೆಳಗಿನ ಪಟ್ಟಿಯಲ್ಲಿ ತೋರಿಸುವ ಅವಧಿ ನೋಡಿ. 150 ಇದ್ದರೆ ಸರಿ. 144 ಇದ್ದರೂ ಗಾಬರಿ ಬೇಡ, ಅದಕ್ಕೆ ಕಾರಣ ಬೇರೆಯಿದೆ. 130 ಚಿಲ್ಲರೆ ಇದ್ದರೆ ಕತ್ತರಿ ಬಿದ್ದಿದೆ ಎಂದೇ ತಿಳಿಯಿರಿ. ಸಾಮಾನ್ಯವಾಗಿ ಹಾರಿಹೋಗುವುದು ಒಂದೆರಡು ಹಾಡು (ಹಾಡಿನ ಹಕ್ಕು ಬೇರೆ ಕಂಪನಿಯದಾಗಿದ್ದರೆ ಇದು ಮಾಮೂಲು), ಒಂದು ಹಾಸ್ಯದ ಎಳೆ, ರೀಲು ಬದಲಾಗುವ ಕಡೆ ಸವೆದುಹೋದ ಅರ್ಧ ಅರ್ಧ ನಿಮಿಷ. ಇದರ ಪೆಟ್ಟು ಎಲ್ಲ ಚಿತ್ರಕ್ಕೂ ಒಂದೇ ಅಲ್ಲ. ‘ಗಣೇಶನ ಮದುವೆ’ಯಲ್ಲಿ ಒಂದು ದೃಶ್ಯ ಹೋದರೆ ಒಂದು ನಗು ಹೋಯಿತು, ಅಷ್ಟೆ. ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಾ ಕಥೆ ಹೇಳುವ ‘ಓಂ’ನಲ್ಲಿ ಐದು ನಿಮಿಷ ಹೋದರೆ ಯಾರು ಯಾಕೆ ಹೊಡೆದಾಡುತ್ತಿದ್ದಾರೆ ಎಂಬುದೇ ಕೈತಪ್ಪುತ್ತದೆ.

ಆ ಆರು ನಿಮಿಷ ಎಲ್ಲಿ ಹೋಯಿತು?

ಸಿನಿಮಾ ಸೆಕೆಂಡಿಗೆ 24 ಫ್ರೇಮು. ನಮ್ಮ ಹಳೆಯ ಟಿವಿಯ ಪಾಲ್ ಪದ್ಧತಿ 25. ವಿಡಿಯೊಗೆ ಇಳಿಸುವಾಗ ಸುಲಭದ ದಾರಿಯೆಂದು ಫಿಲ್ಮನ್ನೇ 25ರ ವೇಗದಲ್ಲಿ ಓಡಿಸುತ್ತಿದ್ದರು. ವೇಗ ಶೇಕಡಾ 4ರಷ್ಟು ಹೆಚ್ಚಿ, 150 ನಿಮಿಷದ ಚಿತ್ರ 144ಕ್ಕೆ ಮುಗಿಯುತ್ತದೆ. ನಡಿಗೆಯಲ್ಲಿ ಅದು ಗೊತ್ತಾಗುವುದಿಲ್ಲ, ಹಾಡಿನಲ್ಲಿ ಗೊತ್ತಾಗುತ್ತದೆ. ಶ್ರುತಿ ಹಾರ್ಮೋನಿಯಂನ ಒಂದು ಮನೆಯ ಮುಕ್ಕಾಲು ಭಾಗದಷ್ಟು ಮೇಲೇರಿರುತ್ತದೆ. ಜೊತೆಗೆ ನುಡಿಸಲು ಹೋದವರು ಎರಡು ಮನೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ.

‘ಬಬ್ರುವಾಹನ’ದ (1977) ‘ಯಾರು ತಿಳಿಯರು ನಿನ್ನ’ ಹಾಡು ಇದಕ್ಕೆ ಒಳ್ಳೆಯ ಪರೀಕ್ಷೆ. ತೆರೆಯ ಮೇಲೆ ಅರ್ಜುನನೂ ಬಬ್ರುವಾಹನನೂ ರಾಜ್‌ಕುಮಾರ್ ಒಬ್ಬರೇ, ಹಾಡಿದವರು ಪಿ.ಬಿ. ಶ್ರೀನಿವಾಸ್ ಮತ್ತು ರಾಜ್‌ಕುಮಾರ್ ಇಬ್ಬರು. ಆ ಎರಡು ಕಂಠಗಳ ತೂಕದ ವ್ಯತ್ಯಾಸವೇ ಹಾಡಿನ ಜೀವ. ವೇಗ ಏರಿದ ಕಾಪಿಯಲ್ಲಿ ಎರಡೂ ದನಿ ಎಳಸಾಗಿ, ಅಂತರ ತೆಳ್ಳಗಾಗುತ್ತದೆ. ಅದೇ ಹಾಡಿನ ಆಡಿಯೊವನ್ನು ಫೋನಿನಲ್ಲಿ ಹತ್ತು ಸೆಕೆಂಡು ಕೇಳಿ, ಆಮೇಲೆ ಸಿನಿಮಾದ್ದು ಕೇಳಿ. ಸಂಗೀತ ಕಲಿಯದವರಿಗೂ ತಿಳಿಯುತ್ತದೆ.

ಫೈಲೋ ಡಿಸ್ಕೋ ಕೈಯಲ್ಲಿದ್ದರೆ ಇದಕ್ಕೆ ಮದ್ದುಂಟು. ವಿಎಲ್‌ಸಿ ಪ್ಲೇಯರಿನ ಸೆಟ್ಟಿಂಗಿನಲ್ಲಿ ವೇಗವನ್ನು 0.96 ಮಾಡಿ, ಆಡಿಯೊ ವಿಭಾಗದಲ್ಲಿ ‘ಟೈಮ್ ಸ್ಟ್ರೆಚಿಂಗ್’ ಎದುರಿನ ಗುರುತು ತೆಗೆಯಿರಿ. ಎರಡನೆಯದನ್ನು ಮರೆತರೆ ಚಿತ್ರ ನಿಧಾನವಾಗುತ್ತದೆ, ಶ್ರುತಿ ಮಾತ್ರ ಇಳಿಯುವುದಿಲ್ಲ. ಯೂಟ್ಯೂಬಿನ ವೇಗದ ಗುಂಡಿ ಈ ಕೆಲಸಕ್ಕೆ ಬಾರದು, ಅದೂ ಶ್ರುತಿಯನ್ನು ಹಾಗೇ ಉಳಿಸಿಕೊಳ್ಳುತ್ತದೆ.

ವಿಸಿಡಿ: ಮಳೆ ಬಂದರೆ ಕಥೆ ಮುಗಿಯಿತು

ವಿಸಿಡಿಯ ಚಿತ್ರ 352×288 ಚುಕ್ಕಿಗಳದು, ಡಿವಿಡಿಯದು 720×576, ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಅದಕ್ಕಿಂತ ದೊಡ್ಡ ತೊಂದರೆ ವಿಸಿಡಿಯಲ್ಲಿ ಸೆಕೆಂಡಿಗೆ ಸಿಗುವ ಮಾಹಿತಿ: ಚಿತ್ರಕ್ಕೆ ಮೀಸಲಾದದ್ದು ಸುಮಾರು 1,150 ಕಿಲೊಬಿಟ್. ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಏನು ಬದಲಾಯಿತೋ ಅದನ್ನಷ್ಟೇ ಬರೆದಿಡುವುದು ಈ ತಂತ್ರದ ಗುಟ್ಟು. ವಠಾರದ ಕೋಣೆಯಲ್ಲಿ ಅನಂತ್ ನಾಗ್ ನಿಂತು ಮಾತಾಡುತ್ತಿದ್ದರೆ ಹಿಂದಿನ ಗೋಡೆ ಬದಲಾಗುವುದಿಲ್ಲ, ಅಷ್ಟು ಮಾಹಿತಿ ಸಾಕು. ಮಳೆ ಹಾಗಲ್ಲ. ಪ್ರತಿ ಫ್ರೇಮಿನಲ್ಲೂ ಪ್ರತಿ ಹನಿಯೂ ಹೊಸ ಜಾಗದಲ್ಲಿ. ಬಿಟ್ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಆದ್ದರಿಂದ ‘ಮುಂಗಾರು ಮಳೆ’ಯನ್ನು (2006) ವಿಸಿಡಿಯಿಂದ ಯೂಟ್ಯೂಬಿಗೆ ಏರಿಸಿದ ಕಾಪಿಯಲ್ಲಿ ನೋಡುವುದು ದಂಡ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಓಡಿದ ಚಿತ್ರವದು. ಎಸ್. ಕೃಷ್ಣ ಅವರ ಕ್ಯಾಮೆರಾ ಹಿಡಿದ ಆ ಒದ್ದೆ ಹಸಿರು ಇಲ್ಲದೆ ಅರ್ಧ ಸಿನಿಮಾವೇ ಇಲ್ಲ. ಜೋಗದ ದೃಶ್ಯಕ್ಕೆ ನೇರ ಹೋಗಿ ಎರಡು ನಿಮಿಷ ನೋಡಿ. ನೀರಿನ ಜಾಗದಲ್ಲಿ ಬಿಳಿ ಇಟ್ಟಿಗೆ ಕಂಡರೆ ಮುಚ್ಚಿಬಿಡಿ.

‘1080ಪಿ’ ಎಂಬ ಗುರುತನ್ನು ನಂಬಿ ಕೂರಬೇಡಿ. ವಿಸಿಡಿಯನ್ನು ಹಿಗ್ಗಿಸಿ ಏರಿಸಿದರೂ ಆ ಗುರುತು ಬರುತ್ತದೆ. ಟೈಟಲ್ ಕಾರ್ಡಿನ ಅಕ್ಷರಗಳ ಅಂಚು, ಸೀರೆಯ ಜರಿ, ದೂರದ ಗುಂಪಿನ ಮುಖಗಳು: ಸುಳ್ಳು ಬಯಲಾಗುವುದು ಇವುಗಳಲ್ಲಿ. ‘ನಾಗರಹಾವು’ (1972) ಆದರೆ ಚಿತ್ರದುರ್ಗದ ಕೋಟೆಯ ಕಲ್ಲು ನೋಡಿದರೆ ಸಾಕು. ಕಲ್ಲಿನ ಮೈಯ ಒರಟು ಕಾಣಬೇಕು. ಹಸಿಮಣ್ಣು ಮೆತ್ತಿದ ಹಾಗೆ ನುಣ್ಣಗಿದ್ದರೆ, ಫಿಲ್ಮಿನ ಸಹಜ ಗ್ರೇನನ್ನು (ಸಣ್ಣ ಕಣಗಳ ಒರಟನ್ನು) ಕೊಳೆಯೆಂದು ತಿಳಿದು ಯಾರೋ ಕಂಪ್ಯೂಟರಿನಲ್ಲಿ ಒರೆಸಿದ್ದಾರೆ. ಅಂಥ ಕಾಪಿಯಲ್ಲಿ ಮುಖಗಳೂ ಮೇಣದ ಗೊಂಬೆಗಳೇ.

ಬಣ್ಣ ಮಾಸುತ್ತದೆ, ಬೆಳ್ಳಿ ಮಾಸುವುದಿಲ್ಲ

1970ರ ದಶಕದ ವರ್ಣಚಿತ್ರಗಳ ಪ್ರಿಂಟುಗಳಲ್ಲಿ ಮೂರು ಬಣ್ಣದ ಪದರ. ಮೊದಲು ಸೋಲುವುದು ನೀಲಿ-ಹಸಿರು ಛಾಯೆಯ ಪದರ. ಉಳಿದದ್ದು ಗುಲಾಬಿ. ಆಕಾಶ ನೇರಳೆ, ಎಲೆ ಕಂದು, ಎಲ್ಲರ ಕೆನ್ನೆಯೂ ಜ್ವರ ಬಂದ ಹಾಗೆ. ಕಡಿಮೆ ಮಾಸುವ ಪ್ರಿಂಟ್ ಫಿಲ್ಮು ಬಂದದ್ದು 1980ರ ದಶಕದಲ್ಲಿ. ಕಪ್ಪು-ಬಿಳುಪಿನಲ್ಲಿ ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳ ಮೇಲೆ. ಸರಿಯಾಗಿ ತೊಳೆದು ಇಟ್ಟಿದ್ದರೆ ಅದು ಮಾಸುವುದಿಲ್ಲ. ಹೀಗಾಗಿ 1971ರ ‘ಕಸ್ತೂರಿ ನಿವಾಸ’ ಅದರ ನಂತರದ ಎಷ್ಟೋ ವರ್ಣಚಿತ್ರಗಳಿಗಿಂತ ಇವತ್ತಿಗೂ ಲಕ್ಷಣವಾಗಿ ಕಾಣುತ್ತದೆ.

ಆ ಚಿತ್ರಕ್ಕೆ 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು, ಜನ ಮುಗಿಬಿದ್ದು ನೋಡಿದರು. ಕಪ್ಪು-ಬಿಳುಪು ಎಂದರೆ ಎದ್ದುಹೋಗುವ ಮಕ್ಕಳನ್ನು ಕೂರಿಸಲು ಅದೇ ಸರಿ. ಚಿತ್ರ ಬಾಯಿಪಾಠ ಇರುವವರಿಗೆ ಮಾತ್ರ ನಮ್ಮ ಮತ ಮೂಲಕ್ಕೆ. ದೊರೈ–ಭಗವಾನ್ ಚಿತ್ರಕ್ಕೆ ಬೆಳಕು ಕೂರಿಸಿದ್ದು ಬೂದುಬಣ್ಣದ ಏರಿಳಿತವನ್ನು ಲೆಕ್ಕ ಹಾಕಿ. ಮನೆ ಬರಿದಾಗುತ್ತಾ ಬಂದಂತೆ ಗೋಡೆಯ ನೆರಳು ಮಾತಾಡುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಕಣ್ಣು ಮೊದಲು ಸೀರೆಗೂ ಪರದೆಗೂ ಹೋಗುತ್ತದೆ, ರಾಜ್‌ಕುಮಾರ್ ಮುಖಕ್ಕೆ ಆಮೇಲೆ.

ಥಿಯೇಟರಿನ ಮರುಬಿಡುಗಡೆ

‘ನಾಗರಹಾವು’ 2018ರ ಜುಲೈನಲ್ಲಿ 7.1 ಧ್ವನಿಯೊಂದಿಗೆ (ಎಂಟು ದಿಕ್ಕಿಗೆ ಹಂಚಿದ ಸದ್ದು) ಬಂತು. ಉಪೇಂದ್ರ ಅವರ ‘ಎ’ 2024ರ ಮೇನಲ್ಲಿ, ‘ಅಪ್ಪು’ 2025ರ ಮಾರ್ಚಿನಲ್ಲಿ. ‘ಓಂ’ (1995) ಮಾತ್ರ ಬೇರೆಯೇ ಜಾತಿ: 550ಕ್ಕೂ ಹೆಚ್ಚು ಸಲ ಮರುಬಿಡುಗಡೆಯಾದ ಚಿತ್ರವೆಂದು ಅದರ ಹೆಸರು. ಸುಮಾರು ಎರಡು ದಶಕ ಅದು ಟಿವಿಗೇ ಬರಲಿಲ್ಲ, ನೋಡಬೇಕೆಂದರೆ ಟಿಕೆಟ್ ತಗೊಳ್ಳಲೇಬೇಕಿತ್ತು ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಟಿಕೆಟ್ ತಗೊಳ್ಳುವ ಮುಂಚೆ ಎರಡು ವಿಷಯ. ಒಂದು, ‘4ಕೆ’ ಎಂದರೆ ಯಾವುದರಿಂದ ಎಂದು ಕೇಳಿ. ಮೂಲ ನೆಗೆಟಿವ್ ಸ್ಕ್ಯಾನ್ ಮಾಡಿದ್ದರೆ ಆ ಸೂಕ್ಷ್ಮ ನಿಜಕ್ಕೂ ಸಿಗುತ್ತದೆ. ಊರೂರು ತಿರುಗಿದ ಪ್ರಿಂಟಿನಿಂದ ಮಾಡಿದ್ದರೆ ಅರ್ಧವೂ ಇರುವುದಿಲ್ಲ, ಗೀರುಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಇನ್ನೊಂದು ಧ್ವನಿಯದು. ಹಳೆಯ ಚಿತ್ರಗಳಲ್ಲಿ ಮಾತು, ಹಾಡು, ಹಿನ್ನೆಲೆ ಎಲ್ಲವೂ ಫಿಲ್ಮಿನ ಅಂಚಿನ ಒಂದೇ ಮಾನೊ ಟ್ರ್ಯಾಕಿನಲ್ಲಿ ಬೆರೆತಿರುತ್ತವೆ. ಬೆರೆತದ್ದನ್ನು ಎಂಟು ದಿಕ್ಕಿಗೆ ಹಂಚಬೇಕೆಂದರೆ ಬಿಡಿಸಬೇಕು, ಇಲ್ಲವೇ ಹೊಸದಾಗಿ ನುಡಿಸಿ ಸೇರಿಸಬೇಕು. ಹೊಸ ತಬಲಾ, ಹೊಸ ಗುಡುಗು ಮುಂದೆ ಬಂದು ಮಾತು ಹಿಂದೆ ಸರಿದಿದ್ದರೆ ಆ ಕೆಲಸ ಕೆಟ್ಟಿದೆ. ಟ್ರೇಲರಿನಲ್ಲಿ ಗೊತ್ತಾಗದು, ಮೊದಲ ದಿನ ನೋಡಿ ಬಂದವರನ್ನು ಕೇಳಿ.

ಮನೆಯ ಟಿವಿ

ಒಳ್ಳೆಯ ಕಾಪಿಯನ್ನೂ ಕೆಡಿಸುವ ಶಕ್ತಿ ಟಿವಿಗಿದೆ. ಹಳೆಯ ಚಿತ್ರದ ಚೌಕಟ್ಟು 4:3ರ ಹತ್ತಿರ. ಅಕ್ಕಪಕ್ಕದ ಕಪ್ಪು ಪಟ್ಟಿ ಕಂಡು ‘ಝೂಮ್’ ಒತ್ತಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ಹೋಗುತ್ತದೆ: ಮೇಲೆ ಕಿರೀಟ, ಕೆಳಗೆ ಕಾಲ್ಗೆಜ್ಜೆ. ‘ವೈಡ್’ ಒತ್ತಿದರೆ ಎಲ್ಲರೂ ದಪ್ಪ. ಪಟ್ಟಿ ಇರಲಿ ಬಿಡಿ. ಶಾರ್ಪ್‌ನೆಸ್ ಸೊನ್ನೆಯ ಹತ್ತಿರಕ್ಕೆ ಇಳಿಸಿ. ಸರೌಂಡ್ ಆಫ್ ಮಾಡಿ, ಮಾನೊ ದನಿಗೆ ಅದು ಬರೀ ಬಾವಿಯ ಪ್ರತಿಧ್ವನಿ ಕೊಡುತ್ತದೆ.

ಮೋಷನ್ ಸ್ಮೂತಿಂಗ್ ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಆಫ್ ಮಾಡಿ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ, ಪಿಕ್ಚರ್ ಸೆಟ್ಟಿಂಗಿನಲ್ಲಿ ‘ಮೋಷನ್’ ಎಂಬ ಪದ ಹುಡುಕಿ. ಫ್ರೇಮುಗಳ ನಡುವೆ ಇಲ್ಲದ ಫ್ರೇಮು ಹುಟ್ಟಿಸಿ ತುರುಕುವ ಕೆಲಸ ಅದರದು. ‘ನಾಗರಹಾವು’ವಿನ ‘ಬಾರೆ ಬಾರೆ’ ಹಾಡನ್ನು ಪುಟ್ಟಣ್ಣ ಕಣಗಾಲ್ ಸ್ಲೋ ಮೋಷನ್ನಿನಲ್ಲೇ ತೆಗೆದಿದ್ದಾರೆ. ಹಾಗೆ ತೆಗೆಯಲು ಕ್ಯಾಮೆರಾ 24ಕ್ಕಿಂತ ವೇಗವಾಗಿ ಓಡಬೇಕು, ತುಟಿ ಕೂಡಬೇಕೆಂದರೆ ಸೆಟ್ಟಿನಲ್ಲಿ ಹಾಡನ್ನೂ ಅಷ್ಟೇ ವೇಗದಲ್ಲಿ ಹಾಕಬೇಕು. ಅಷ್ಟು ಲೆಕ್ಕದ ಕೆಲಸ ಟಿವಿಯ ಈ ಒಂದು ಗುಂಡಿಯಿಂದ ಮಧ್ಯಾಹ್ನದ ಧಾರಾವಾಹಿಯ ಹಾಗೆ ಕಾಣುತ್ತದೆ.

‘ಗಣೇಶನ ಮದುವೆ’ಗೆ (1990) ಇಷ್ಟೆಲ್ಲ ಉಪಚಾರ ಬೇಕಿಲ್ಲ. ಮಾತು ಸ್ಪಷ್ಟವಾಗಿ ಕೇಳಿಸುವ ಯಾವ ಕಾಪಿಯಾದರೂ ಆದೀತು, ಫೋನಿನಲ್ಲಿ ನೋಡಿದರೂ ನಡೆಯುತ್ತದೆ. ಕೊನೆಯವರೆಗೆ ಮಾತಿಗೂ ತುಟಿಗೂ ತಾಳ ತಪ್ಪಿಲ್ಲವೇ ಎಂದು ಮಾತ್ರ ನೋಡಿಕೊಳ್ಳಿ. ಎರಡು ಡಿಸ್ಕ್ ಜೋಡಿಸಿ ಏರಿಸಿದ ಕಾಪಿಗಳಲ್ಲಿ ಎರಡನೇ ಅರ್ಧ ಜಾರುವುದುಂಟು. ಇಂಟರ್‌ವಲ್ ಆದಮೇಲಿನ ಒಂದು ಕ್ಲೋಸಪ್ಪನ್ನು ಮುಂಚಿತವಾಗಿ ನೋಡಿದರೆ ಗೊತ್ತಾಗುತ್ತದೆ.