ನೆಟ್‌ಫ್ಲಿಕ್ಸ್‌ನ ‘ಒಂದು ಖಾತೆ, ಒಂದು ಮನೆ’ ನಿಯಮ: ಒಂದು ವಿಮರ್ಶೆ

ಪಾಸ್‌ವರ್ಡ್ ಹಂಚಿಕೆಯನ್ನು ತಡೆಯಲು ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಭಾರತದಲ್ಲಿ ಜಾರಿಗೆ ತಂದ ವ್ಯವಸ್ಥೆ ತಾಂತ್ರಿಕವಾಗಿ ಅಚ್ಚುಕಟ್ಟಾಗಿದೆ. ಆದರೆ ನಮ್ಮ ಕುಟುಂಬಗಳು ಬದುಕುತ್ತಿರುವ ರೀತಿಗೆ ಅದು ಹೊಂದುವುದಿಲ್ಲ. ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂಬರ್ಥದ ಟ್ವೀಟನ್ನು 2017ರಲ್ಲಿ ಹಾಕಿದ್ದ ಸಂಸ್ಥೆಯೇ, 2022ರ ಮೊದಲ ಮೂರು ತಿಂಗಳಲ್ಲಿ ಸುಮಾರು 2 ಲಕ್ಷ ಚಂದಾದಾರರನ್ನು ಕಳೆದುಕೊಂಡಾಗ, 10 ಕೋಟಿಗೂ ಹೆಚ್ಚು ಮನೆಗಳಲ್ಲಿ ಇನ್ನೊಬ್ಬರ ಖಾತೆಯಿಂದ ಚಿತ್ರಗಳನ್ನು ನೋಡಲಾಗುತ್ತಿದೆ ಎಂದು ಲೆಕ್ಕ ಕೊಟ್ಟಿತು. ದುಡ್ಡು ಹಾಕಿ ಚಿತ್ರ ಮಾಡಿಸುವವರು ಇಷ್ಟು ದೊಡ್ಡ ಸೋರಿಕೆಯನ್ನು ತಡೆಯಲು ಮುಂದಾದದ್ದು ನ್ಯಾಯವೇ ಎಂಬುದು ನನ್ನ ನಿಲುವು. ತಕರಾರು ಇರುವುದು ತಡೆಯುವ ಬಗೆಯ ಕುರಿತು.

ಮನೆಯ ಟಿವಿಯನ್ನು ಆಧಾರವಾಗಿಟ್ಟುಕೊಂಡು ಖಾತೆಯ ‘ಹೌಸ್‌ಹೋಲ್ಡ್’, ಅಂದರೆ ಅದು ಸೇರಿದ ಮನೆ, ಯಾವುದೆಂದು ಗೊತ್ತುಮಾಡಲಾಗುತ್ತದೆ. ಅದೇ ಇಂಟರ್ನೆಟ್ ಸಂಪರ್ಕದಲ್ಲಿರುವ ಇತರ ಸಾಧನಗಳು ತಾವಾಗಿಯೇ ಅದರೊಳಗೆ ಸೇರುತ್ತವೆ. ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಸಾಧನದ ಗುರುತು ಮತ್ತು ಖಾತೆಯ ಬಳಕೆಯ ಜಾಡು, ಈ ಮೂರನ್ನೂ ಒಟ್ಟಿಗೆ ನೋಡಿ ನಿರ್ಧರಿಸುವುದರಿಂದ, ಸರಿಯಾದ ಪಾಸ್‌ವರ್ಡ್ ಗೊತ್ತಿದ್ದರೂ ಬೇರೊಂದು ಮನೆಯ ಟಿವಿಯಲ್ಲಿ ಖಾತೆ ನಿರಾತಂಕವಾಗಿ ನಡೆಯುತ್ತದೆಂಬ ಭರವಸೆಯಿಲ್ಲ. ಪ್ರಯಾಣದಲ್ಲಿರುವವರಿಗಾಗಿ ತಾತ್ಕಾಲಿಕ ಕೋಡ್ ಇದೆ. ಅದು ಖಾತೆದಾರರ ಇಮೇಲ್‌ಗೋ ಫೋನಿಗೋ ಬರುತ್ತದೆ, 15 ನಿಮಿಷಗಳಲ್ಲಿ ಅವಧಿ ಮುಗಿಯುತ್ತದೆ. ಹೋಟೆಲ್ ಕೋಣೆಯಲ್ಲಿ ಕುಳಿತವರಿಗೆ ಇದು ಸಾಕು. ಆದರೆ ಖಾತೆ ಬೆಂಗಳೂರಿನಲ್ಲಿರುವ ಮಗಳ ಹೆಸರಿನಲ್ಲಿದ್ದು, ಟಿವಿ ದಾವಣಗೆರೆಯ ತಂದೆತಾಯಿಯ ಮನೆಯಲ್ಲಿದ್ದರೆ, ಮಗಳು ಕಚೇರಿಯ ಸಭೆಯಲ್ಲಿರುವ ಹೊತ್ತಿಗೆ ಬಂದ ಕೋಡ್ ಊರಿನವರಿಗೆ ತಲುಪುವಷ್ಟರಲ್ಲಿ ನಿರುಪಯೋಗಿಯಾಗಿರುತ್ತದೆ.

ಈ ವ್ಯವಸ್ಥೆಯ ಮೂಲ ದೋಷ ಇಲ್ಲಿಯೇ ಇದೆ. ಹಾಸ್ಟೆಲಿನಲ್ಲಿ ಓದುವ ಮಗ, ಕೆಲಸಕ್ಕೆಂದು ಬೇರೆ ಊರಿನಲ್ಲಿರುವ ಗಂಡ, ಹಳ್ಳಿಯ ಮನೆ ಬಿಟ್ಟು ಬರಲೊಪ್ಪದ ಅಜ್ಜಿ, ಇವರೆಲ್ಲರೂ ಒಂದೇ ಕುಟುಂಬದವರಾದರೂ ನೆಟ್‌ಫ್ಲಿಕ್ಸ್‌ನ ಲೆಕ್ಕದಲ್ಲಿ ಪರರು. ಅಮೆರಿಕದಲ್ಲಿ ಇಂಥವರನ್ನು ತಿಂಗಳಿಗೆ 7.99 ಡಾಲರ್ ಹೆಚ್ಚುವರಿ ಶುಲ್ಕ ಪಡೆದು ಸೇರಿಸಿಕೊಳ್ಳುವ ಅವಕಾಶವನ್ನು 2023ರಲ್ಲಿ ಕೊಡಲಾಯಿತು. ಅದೇ ವರ್ಷ ಭಾರತಕ್ಕೆ ನಿಯಮ ಬಂದಾಗ, ಇಲ್ಲಿ ದರವನ್ನು ಇತ್ತೀಚೆಗೆ ಇಳಿಸಲಾಗಿದೆ ಎಂಬ ಕಾರಣ ನೀಡಿ ಆ ಅವಕಾಶವನ್ನು ಕೈಬಿಡಲಾಯಿತು. ದರ ಇಳಿದದ್ದು ನಿಜ: 2021ರ ಡಿಸೆಂಬರ್‌ನಲ್ಲಿ ಮೊಬೈಲ್ ಪ್ಲಾನ್ ತಿಂಗಳಿಗೆ 199 ರೂಪಾಯಿಯಿಂದ 149ಕ್ಕೆ, ಬೇಸಿಕ್ 499ರಿಂದ 199ಕ್ಕೆ ಇಳಿಯಿತು. ಆದರೂ ಒಮ್ಮೆಗೆ ನಾಲ್ಕು ಪರದೆಗಳಿಗೆಂದು 649 ರೂಪಾಯಿಯ ಪ್ರೀಮಿಯಂ ಪ್ಲಾನ್ ಮಾರಿ, ಆ ನಾಲ್ಕೂ ಒಂದೇ ಸೂರಿನಡಿ ಇರಬೇಕೆನ್ನುವುದು ನನಗೆ ಸರಿಯೆನಿಸುವುದಿಲ್ಲ. ಮೂವರಿರುವ ಮನೆಯಲ್ಲಿ ನಾಲ್ಕನೆಯ ಪರದೆಯ ಮುಂದೆ ಕೂರುವವರು ಯಾರು?

ಅಮೆಜಾನ್ ಪ್ರೈಮ್ ವಿಡಿಯೊ ಹಿಡಿದಿರುವ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅದು 2025ರ ಜನವರಿಯಿಂದ ಭಾರತದಲ್ಲಿ ಎರಡು ಟಿವಿಗಳೂ ಸೇರಿ ಒಟ್ಟು ಐದು ಸಾಧನಗಳ ಮಿತಿ ಹಾಕಿತು. ಸಾಧನಗಳನ್ನು ಎಣಿಸುವ ಈ ಕ್ರಮದಲ್ಲಿ ಮಿತಿ ಎಲ್ಲಿದೆ ಎಂಬುದು ಚಂದಾದಾರರಿಗೆ ಮೊದಲೇ ತಿಳಿದಿರುತ್ತದೆ, ಮತ್ತು ಎರಡನೆಯ ಟಿವಿ ಹೆತ್ತವರ ಮನೆಯಲ್ಲಿರಲಿಕ್ಕೂ ಆಸ್ಪದವಿರುತ್ತದೆ.

ಹಾಗೆಂದು ನೆಟ್‌ಫ್ಲಿಕ್ಸ್‌ನ ಒಳ್ಳೆಯ ಕೆಲಸವನ್ನು ಮರೆಯಬಾರದು. 2022ರ ಅಕ್ಟೋಬರ್‌ನಲ್ಲಿ ಬಂದ ಪ್ರೊಫೈಲ್ ವರ್ಗಾವಣೆ ಸೌಲಭ್ಯದಿಂದ, ಇಷ್ಟು ದಿನ ಇನ್ನೊಬ್ಬರ ಖಾತೆಯಲ್ಲಿದ್ದವರು ತಾವು ನೋಡಿದ ಚಿತ್ರಗಳ ಇತಿಹಾಸವನ್ನೂ ಉಳಿಸಿಟ್ಟ ಪಟ್ಟಿಯನ್ನೂ ತಮ್ಮ ಹೊಸ ಖಾತೆಗೆ ಒಯ್ಯಬಹುದು. ಯಾವ ಯಾವ ಸಾಧನಗಳಲ್ಲಿ ಖಾತೆ ತೆರೆದಿದೆ ಎಂದು ನೋಡಿ, ಬೇಡವಾದುದನ್ನು ಹೊರಹಾಕುವ ಪುಟವೂ ಇದೆ. ಅಲ್ಲಿ ಅಪರಿಚಿತ ಸಾಧನ ಕಂಡರೆ ಪಾಸ್‌ವರ್ಡ್ ಬೇರೆಯವರ ಕೈ ಸೇರಿರಬಹುದೆಂದು ತಿಳಿಯುತ್ತದೆ. ಒಂದೇ ಪಾಸ್‌ವರ್ಡನ್ನು ಇಮೇಲ್‌ಗೂ ಬ್ಯಾಂಕಿಗೂ ಬಳಸುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ, ಈ ಪುಟ ಸಂಸ್ಥೆಗಿಂತ ಚಂದಾದಾರರಿಗೇ ಹೆಚ್ಚು ಉಪಯುಕ್ತವಾಗಿದೆ.

ಎಲ್ಲರೂ ಒಂದೇ ಮನೆಯಲ್ಲಿರುವ ಕುಟುಂಬಕ್ಕೆ 499 ರೂಪಾಯಿಯ, ಎರಡು ಪರದೆಗಳ ಸ್ಟ್ಯಾಂಡರ್ಡ್ ಪ್ಲಾನ್ ತಕ್ಕುದಾಗಿದೆ. ಎರಡು ಊರುಗಳಲ್ಲಿ ಹಂಚಿಹೋದವರು ಪ್ರೀಮಿಯಂ ಕೊಳ್ಳುವುದಕ್ಕಿಂತ, ಹೆತ್ತವರ ಟಿವಿಗೆ 199ರ ಬೇಸಿಕ್, ತಮ್ಮ ಫೋನಿಗೆ 149ರ ಮೊಬೈಲ್ ಪ್ಲಾನ್ ಎಂದು ಎರಡು ಬೇರೆ ಖಾತೆಗಳನ್ನೇ ಮಾಡಿಕೊಳ್ಳುವುದು ಲೇಸು. ಎರಡೂ ಸೇರಿ 348 ರೂಪಾಯಿ ಆಗುತ್ತದೆ, ಕೋಡ್‌ಗಾಗಿ ಯಾರೂ ಯಾರಿಗೂ ಫೋನ್ ಮಾಡಬೇಕಾಗಿಲ್ಲ.