ಜಿಎಚ್‌ಸಿಯ ದೋಷ ಹುಡುಕಲು ಲಿನಕ್ಸ್, ಮ್ಯಾಕ್, ವಿಂಡೋಸ್: ಮೂರರಲ್ಲೂ ಕೆಲಸ ಮಾಡಿ ನೋಡಿದ ಮೇಲೆ

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಕಂಪೈಲರ್ ಜಿಎಚ್‌ಸಿಯ ದೋಷಗಳನ್ನು ಪತ್ತೆಹಚ್ಚಲೆಂದೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಇಂಟೆಲ್ ಡೆಸ್ಕ್‌ಟಾಪ್ ಕೊಂಡು, ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿಕೊಂಡಿದ್ದೇನೆ. ಕೆಲಸಕ್ಕೆಂದು ನಾನು ಕೊಂಡ ವಸ್ತುಗಳಲ್ಲಿ ಇದರಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ. ಇದಕ್ಕೂ ಮೊದಲು ಇದೇ ಕೆಲಸವನ್ನು ಆಪಲ್ ಸಿಲಿಕಾನ್ ಚಿಪ್ ಇರುವ ಕಚೇರಿಯ ಮ್ಯಾಕ್‌ಬುಕ್‌ನಲ್ಲೂ, ಪರೀಕ್ಷೆಗೆಂದು ಇಟ್ಟಿರುವ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ಮಾಡುತ್ತಿದ್ದೆ. ಈಗಲೂ ಆಗಾಗ ಮಾಡಬೇಕಾಗುತ್ತದೆ.

ಎಲ್ಲ ದೋಷಗಳಿಗೂ ಈ ಮೂರು ಸಿಸ್ಟಮ್‌ಗಳ ಹೋಲಿಕೆ ಬೇಕಿಲ್ಲ. ‘ಪ್ಯಾನಿಕ್! ಅಸಾಧ್ಯವಾದದ್ದು ಸಂಭವಿಸಿದೆ’ ಎಂಬರ್ಥದ ಸಂದೇಶ ಕೊಟ್ಟು ಕಂಪೈಲರೇ ನಿಂತುಹೋದರೆ, ಬಹುತೇಕ ಸಂದರ್ಭಗಳಲ್ಲಿ ತಪ್ಪು ಟೈಪ್ ಪರಿಶೀಲನೆಯಲ್ಲೋ ಜಿಎಚ್‌ಸಿ ತನ್ನೊಳಗೆ ಬಳಸುವ ‘ಕೋರ್’ ಎಂಬ ಮಧ್ಯಂತರ ಭಾಷೆಯನ್ನು ಸರಳಗೊಳಿಸುವ ಹಂತದಲ್ಲೋ ಇರುತ್ತದೆ. ಅದು ಮೂರೂ ಕಡೆ ಒಂದೇ ರೀತಿ ಕಾಣಿಸಿಕೊಳ್ಳುತ್ತದೆ. ಆ ಕೋರ್ ಸಂಕೇತ ಸರಿಯಿದೆಯೇ ಎಂದು ಪರಿಶೀಲಿಸುವ ‘ಕೋರ್ ಲಿಂಟ್’ ಆಯ್ಕೆಯನ್ನು ಕೊಟ್ಟು ಯಾವ ಯಂತ್ರದ ಮುಂದೆ ಕುಳಿತರೂ ಹುಡುಕಬಹುದು. ಆಪರೇಟಿಂಗ್ ಸಿಸ್ಟಮ್ ಮುಖ್ಯವಾಗುವುದು ಪ್ರೋಗ್ರಾಂ ಸದ್ದಿಲ್ಲದೆ ಕಂಪೈಲ್ ಆಗಿ, ಓಡುವಾಗ ಮೆಮೊರಿಯನ್ನು ಕೆಡಿಸಿದಾಗ, ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಕೈಕೊಟ್ಟಾಗ, ಅಥವಾ ಸಿ ಭಾಷೆಯ ಫಂಕ್ಷನ್ನನ್ನು ಕರೆಯುವಲ್ಲಿ ಎಡವಟ್ಟಾದಾಗ.

ಇಂಥ ಹೊತ್ತಿನಲ್ಲಿ ಲಿನಕ್ಸ್ ನನಗೆ ಕೊಡುವ ದೊಡ್ಡ ಆಸ್ತಿ ಆರ್‌ಆರ್ ಎಂಬ ಡೀಬಗರ್, ಅಂದರೆ ದೋಷ ಹುಡುಕುವ ಸಾಧನ. ಮೂಲತಃ ಮೊಜಿಲ್ಲಾದಲ್ಲಿ ಬೆಳೆದ ಈ ಸಾಧನ ಪ್ರೋಗ್ರಾಮಿನ ಇಡೀ ಓಟವನ್ನು ದಾಖಲಿಸಿಟ್ಟುಕೊಂಡು, ಆಮೇಲೆ ಅದನ್ನು ಹಿಂದಕ್ಕೂ ಓಡಿಸಿ ನೋಡಲು ಬಿಡುತ್ತದೆ. ಮ್ಯಾಕ್‌ನಲ್ಲೂ ವಿಂಡೋಸ್‌ನಲ್ಲೂ ಅದು ಕೆಲಸ ಮಾಡುವುದಿಲ್ಲ. ಜಿಎಚ್‌ಸಿಗೆ ಇದು ಯಾಕಷ್ಟು ಬೇಕು ಎಂಬುದಕ್ಕೆ ಕಾರಣವಿದೆ. ಯಾವ ಫಂಕ್ಷನ್ ಯಾವುದಕ್ಕಾಗಿ ಕಾಯುತ್ತಿದೆ ಎಂಬ ದಾಖಲೆ ಇರುವ ಮೆಮೊರಿ ಭಾಗವೇ ಸ್ಟ್ಯಾಕ್. ಹ್ಯಾಸ್ಕೆಲ್‌ನ ಸ್ಟ್ಯಾಕ್ ಸಿ ಭಾಷೆಯ ಸ್ಟ್ಯಾಕ್ ಅಲ್ಲ. ಎಕ್ಸ್86-64 (ಇಂಟೆಲ್, ಎಎಂಡಿ) ಯಂತ್ರಗಳಲ್ಲಿ ಜಿಎಚ್‌ಸಿ ತನ್ನ ಸ್ಟ್ಯಾಕ್‌ನ ತುದಿಯನ್ನು ಆರ್‌ಬಿಪಿ ಎಂಬ ರಿಜಿಸ್ಟರಿನಲ್ಲೂ (ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹ ಜಾಗ), ದತ್ತಾಂಶ ಇಡುವ ಹೀಪ್‌ನ ತುದಿಯನ್ನು ಆರ್12ರಲ್ಲೂ ಇಟ್ಟುಕೊಳ್ಳುತ್ತದೆ. ಆದ್ದರಿಂದ ಡೀಬಗರಿನಲ್ಲಿ ‘ಬ್ಯಾಕ್‌ಟ್ರೇಸ್’, ಅಂದರೆ ಫಂಕ್ಷನ್‌ಗಳು ಒಂದನ್ನೊಂದು ಕರೆದ ಸರಣಿ, ಕೇಳಿದರೆ ಬರುವ ಪಟ್ಟಿ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಆರ್‌ಬಿಪಿಯಿಂದ ಮುಂದಿನ ಹತ್ತಿಪ್ಪತ್ತು ಪದಗಳನ್ನು ಹೆಸರುಗಳಾಗಿ ಮುದ್ರಿಸಿಕೊಂಡು, ಹೆಸರಿನೊಳಗಿನ ಚುಕ್ಕೆಯನ್ನು ಜಿಎಚ್‌ಸಿ ‘ಜೆಡ್‌ಐ’ ಎಂದು ಬರೆದಿರುವಲ್ಲಿ ಅದನ್ನು ಚುಕ್ಕೆಯೆಂದೇ ಓದಿಕೊಂಡು, ಯಾವ ಫಂಕ್ಷನ್ ಯಾವುದನ್ನು ಕಾಯುತ್ತಿದೆ ಎಂಬುದನ್ನು ಕೈಯಾರೆ ಬಿಡಿಸಬೇಕು. ಇಷ್ಟು ಮಾಡಿದರೂ ಸಿಗುವುದು ಪ್ರೋಗ್ರಾಂ ಸತ್ತ ಜಾಗ ಮಾತ್ರ. ಕೆಟ್ಟದ್ದು ಯಾವಾಗ ಎಂಬುದು ಸಿಗಬೇಕಾದರೆ ಕಾಲವನ್ನೇ ಹಿಂದಕ್ಕೆ ಸರಿಸಬೇಕು.

ಡೆಸ್ಕ್‌ಟಾಪ್ ಮನೆಗೆ ಬಂದ ಮೇಲೆ ನಾನು ಮೊದಲು ಪರೀಕ್ಷಿಸಿದ್ದು ಈಗಾಗಲೇ ಬಗೆಹರಿದಿರುವ, 2017ರಲ್ಲಿ ವರದಿಯಾದ 14346ನೇ ಸಂಖ್ಯೆಯ ದೋಷವನ್ನು. ಜಿಎಚ್‌ಸಿ 8.2.1ರಲ್ಲಿ ‘ಅಲೋಕಾಬೈಟ್ಸ್’ ಮೂಲಕ ಒಂದು ಬಫರ್ (ತಾತ್ಕಾಲಿಕ ಮೆಮೊರಿ ಜಾಗ) ಪಡೆದು, ಅದರೊಳಗೆ ಎಂದೂ ಮುಗಿಯದ ಲೂಪ್ ಬರೆದರೆ, ‘ಈ ಲೂಪ್ ಹಿಂತಿರುಗುವುದಿಲ್ಲ, ಆದ್ದರಿಂದ ಅದರ ನಂತರ ಬರುವುದೆಲ್ಲ ಅನಗತ್ಯ’ ಎಂದು ಪ್ರೋಗ್ರಾಮನ್ನು ಚುರುಕುಗೊಳಿಸುವ ಆಪ್ಟಿಮೈಸರ್ ತೀರ್ಮಾನಿಸುತ್ತಿತ್ತು. ಬಫರ್ ಇನ್ನೂ ಬಳಕೆಯಲ್ಲಿದೆ ಎಂದು ಬಳಕೆ ಮುಗಿದ ಮೆಮೊರಿಯನ್ನು ಹಿಂಪಡೆಯುವ ಗಾರ್ಬೇಜ್ ಕಲೆಕ್ಟರಿಗೆ ತಿಳಿಸುವ ‘ಟಚ್’ ಎಂಬ ಸೂಚನೆ ಇದ್ದದ್ದು ಆ ಅನಗತ್ಯ ಭಾಗದಲ್ಲೇ. ಅದು ಅಳಿಸಿಹೋದೊಡನೆ ಕಲೆಕ್ಟರ್ ಆ ಜಾಗವನ್ನು ಖಾಲಿ ಎಂದು ಬಗೆದು ಬೇರೆಯವರಿಗೆ ಕೊಡುತ್ತಿತ್ತು, ಲೂಪ್ ಮಾತ್ರ ತನ್ನ ಪಾಡಿಗೆ ಅಲ್ಲೇ ಬರೆಯುತ್ತಿತ್ತು. ಆರ್‌ಆರ್‌ನಲ್ಲಿ ಇದನ್ನು ದಾಖಲಿಸಿ, ಕೆಟ್ಟ ವಿಳಾಸಕ್ಕೆ ಕಾವಲಿಟ್ಟು, ಹಿಮ್ಮುಖವಾಗಿ ಓಡಿಸಿದರೆ ಅದು ಬಫರಿಗೆ ಬರೆಯುತ್ತಿರುವ ಸಾಲಿನಲ್ಲೇ ಬಂದು ನಿಲ್ಲುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಕಲೆಕ್ಟರ್ ಆ ಜಾಗವನ್ನು ಬಿಡುಗಡೆ ಮಾಡಿದ ಕ್ಷಣ ಸಿಗುತ್ತದೆ. ಆಗ ಕೋರ್ ಸಂಕೇತವನ್ನು ಮುದ್ರಿಸಿಕೊಂಡರೆ ‘ಟಚ್’ ಇರಬೇಕಾದ ಕಡೆ ಏನೂ ಇರುವುದಿಲ್ಲ. ತಪ್ಪು ಆಪ್ಟಿಮೈಸರಿನದು, ಅಂದರೆ ಮೂರೂ ಸಿಸ್ಟಮ್‌ಗಳಿಗೆ ಸಮಾನವಾದದ್ದು. ಆದರೆ ಅಲ್ಲಿಯವರೆಗೆ ಕೈಹಿಡಿದು ಕರೆದೊಯ್ದದ್ದು ಲಿನಕ್ಸ್‌ನ ಸಾಧನ. ಮುಂದೆ ಜಿಎಚ್‌ಸಿಗೆ ‘ಕೀಪ್‌ಅಲೈವ್’ ಎಂಬ ಹೊಸ ಪ್ರಿಮಿಟಿವ್ (ಮೂಲ ಕಾರ್ಯ) ಬಂದದ್ದು ಈ ಸಮಸ್ಯೆಯ ಪರಿಹಾರವಾಗಿಯೇ.

ಇಂಟೆಲ್ ಯಂತ್ರವನ್ನೇ ಆರಿಸಿದ್ದಕ್ಕೂ, ಬಾಡಿಗೆಯ ಕ್ಲೌಡ್ ಸರ್ವರ್ ಬೇಡವೆಂದದ್ದಕ್ಕೂ ಕಾರಣ ಆರ್‌ಆರ್ ಒಂದೇ. ಅದಕ್ಕೆ ಪ್ರೊಸೆಸರಿನ ಎಣಿಕೆಯ ಕೌಂಟರುಗಳು ಬೇಕು. ಅನೇಕ ವರ್ಚುವಲ್ ಯಂತ್ರಗಳಲ್ಲಿ ಅವು ಕೈಗೆ ಸಿಗುವುದಿಲ್ಲ, ಎಎಂಡಿಯ ಜೆನ್ ಪ್ರೊಸೆಸರುಗಳಲ್ಲಿ ಸೆಟ್ಟಿಂಗ್ ಬದಲಿಸಿಕೊಳ್ಳಬೇಕಾಗುತ್ತದೆ.

ಈಗ ಮ್ಯಾಕ್. ಈ ಯಂತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ತೊಡಕನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೋಡಿದವರೆಲ್ಲ ಅದನ್ನು ಕಂಪೈಲರಿನ ದೋಷವೆಂದೇ ಭಾವಿಸುತ್ತಾರೆ. ನಾವು ಬಳಸುತ್ತಿದ್ದ ಒಂದು ಲೈಬ್ರರಿ ಕಡತಗಳನ್ನು ಸೃಷ್ಟಿಸಲು ಸಿ ಭಾಷೆಯ ‘ಓಪನ್’ ಫಂಕ್ಷನ್ನನ್ನು ನೇರವಾಗಿ ಕರೆಯುತ್ತಿತ್ತು. ಲಿನಕ್ಸ್‌ನಲ್ಲಿ ಕಡತಕ್ಕೆ 0644 ಅನುಮತಿ (ಮಾಲೀಕರಿಗೆ ಓದು-ಬರೆ, ಉಳಿದವರಿಗೆ ಓದು ಮಾತ್ರ) ಸಿಗುತ್ತಿತ್ತು. ಮ್ಯಾಕ್‌ನಲ್ಲಿ ಮಾತ್ರ ಅನುಮತಿ ಓಟದಿಂದ ಓಟಕ್ಕೆ ಬದಲಾಗುತ್ತಿತ್ತು. ಕೆಲವೊಮ್ಮೆ ತಾನೇ ಸೃಷ್ಟಿಸಿದ ಕಡತವನ್ನು ಪ್ರೋಗ್ರಾಂ ಮತ್ತೆ ತೆರೆಯಲಾಗದೆ ‘ಪರ್ಮಿಷನ್ ಡಿನೈಡ್’ ಎಂದು ನಿಲ್ಲುತ್ತಿತ್ತು. ಆಪ್ಟಿಮೈಸೇಷನ್ ಇಲ್ಲದೆ ಕಂಪೈಲ್ ಮಾಡಿದರೆ ಫಲಿತಾಂಶ ಬೇರೆ, ಒಂದು ಟ್ರೇಸ್ ಸಾಲು ಸೇರಿಸಿದರೆ ಮತ್ತೊಂದು. ಆಪ್ಟಿಮೈಸೇಷನ್ ಬದಲಿಸಿದಾಗ ವರ್ತನೆ ಬದಲಾದರೆ ಕಂಪೈಲರಿನ ಮೇಲೆ ಅನುಮಾನ ಬರುವುದು ಸಹಜ. ಅದರಲ್ಲೂ ಆಪಲ್ ಸಿಲಿಕಾನ್‌ಗೆ ಜಿಎಚ್‌ಸಿಯ ಬೆಂಬಲ ಹೊಸದು: 2021ರ 8.10.5ರಲ್ಲಿ ಎಲ್‌ಎಲ್‌ವಿಎಂ ಎಂಬ ಹೊರಗಿನ ಕಂಪೈಲರ್ ಸಾಧನದ ಮೂಲಕ ಬಂತು, ಸ್ವಂತ ಕೋಡ್ ಜನರೇಟರ್ 9.2ರಲ್ಲಿ ಬಂತು.

ಲಿನಕ್ಸ್‌ನಲ್ಲಾಗಿದ್ದರೆ ಇಂಥದ್ದಕ್ಕೆ, ಆಪರೇಟಿಂಗ್ ಸಿಸ್ಟಮ್‌ಗೆ ಪ್ರೋಗ್ರಾಂ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಓಡಿಸಿದರೆ, ಅದರ ತಿರುಳಾದ ಕರ್ನಲ್‌ಗೆ ತಲುಪಿದ ಅನುಮತಿ ಒಂದೇ ಸಾಲಿನಲ್ಲಿ ಕಣ್ಣಮುಂದೆ ಬರುತ್ತದೆ. ಮ್ಯಾಕ್‌ನಲ್ಲಿ ಅದಕ್ಕೆ ಸಮನಾದ ಡಿಟ್ರಸ್ ಸರಿಯಾಗಿ ಕೆಲಸ ಮಾಡಬೇಕಾದರೆ, 2015ರಿಂದ ಇರುವ ‘ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್’ ಎಂಬ ರಕ್ಷಣೆಯನ್ನು ಸಡಿಲಿಸಬೇಕು. ಕಚೇರಿಯ ಯಂತ್ರದಲ್ಲಿ ಅದಕ್ಕೆ ಅನುಮತಿ ಇಲ್ಲ. ಉಳಿದದ್ದು ಎಲ್‌ಎಲ್‌ಡಿಬಿ ಎಂಬ ಡೀಬಗರ್. ‘ಓಪನ್’ ಫಂಕ್ಷನ್ನಿನ ಬಾಗಿಲಲ್ಲಿ ತಡೆ ಹಾಕಿ ರಿಜಿಸ್ಟರುಗಳನ್ನು ಓದಿದರೆ ಎಕ್ಸ್0ಯಲ್ಲಿ ಕಡತದ ಹಾದಿ, ಎಕ್ಸ್1ರಲ್ಲಿ ತೆರೆಯುವ ವಿಧಾನ, ಎಕ್ಸ್2ರಲ್ಲಿ 420, ಅಂದರೆ ಅಷ್ಟಮಾನದ 0644. ಕಂಪೈಲರ್ ಕಳಿಸಿದ್ದೆಲ್ಲ ಸರಿಯಾಗಿಯೇ ಇದೆ, ಆದರೂ ಕಡತದ ಅನುಮತಿ ತಪ್ಪು!

ಕಾರಣ ‘ಓಪನ್’ ಫಂಕ್ಷನ್ನಿನ ಘೋಷಣೆಯಲ್ಲಿದೆ. ಅದರ ಮೂರನೆಯ ಆರ್ಗ್ಯುಮೆಂಟ್ (ಫಂಕ್ಷನ್ನಿಗೆ ಕೊಡುವ ಮೌಲ್ಯ) ಐಚ್ಛಿಕ. ಹೀಗಾಗಿ ಸಿ ಭಾಷೆಯ ಲೆಕ್ಕದಲ್ಲಿ ‘ಓಪನ್’ ಕೂಡ ‘ಪ್ರಿಂಟ್‌ಎಫ್’ನಂತೆ ಆರ್ಗ್ಯುಮೆಂಟುಗಳ ಸಂಖ್ಯೆ ನಿಗದಿಯಾಗಿಲ್ಲದ ಫಂಕ್ಷನ್. ಲಿನಕ್ಸ್‌ನಲ್ಲಿ ಇಂಥ ಹೆಚ್ಚುವರಿ ಆರ್ಗ್ಯುಮೆಂಟುಗಳೂ ಉಳಿದವುಗಳಂತೆ ಮೊದಲು ರಿಜಿಸ್ಟರುಗಳಲ್ಲೇ ಹೋಗುತ್ತವೆ. ಆಪಲ್ ಸಿಲಿಕಾನ್ ಅನುಸರಿಸುವ ಆಪಲ್‌ನ ಆರ್ಮ್64 ನಿಯಮದಲ್ಲಿ ಅವು ಯಾವಾಗಲೂ ಸ್ಟ್ಯಾಕ್‌ನಲ್ಲಿ ಹೋಗಬೇಕು. ಲೈಬ್ರರಿ ಬಳಸಿದ್ದ ‘ಸಿ-ಕಾಲ್’ ವಿಧಾನದಲ್ಲಿ ಜಿಎಚ್‌ಸಿಗೆ ಈ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಅದು 420ನ್ನು ರಿಜಿಸ್ಟರಿನಲ್ಲಿಟ್ಟು ಕಳಿಸಿತು, ‘ಓಪನ್’ ಸ್ಟ್ಯಾಕ್‌ನಿಂದ ಯಾವುದೋ ಹಳೆಯ ಅಂಕಿಯನ್ನು ಎತ್ತಿಕೊಂಡಿತು. ಆಪ್ಟಿಮೈಸೇಷನ್ ಬದಲಿಸಿದಾಗ ಬದಲಾಗುತ್ತಿದ್ದದ್ದು ಸ್ಟ್ಯಾಕ್‌ನಲ್ಲಿ ಉಳಿದಿದ್ದ ಆ ಕಸ. ಪರಿಹಾರ ಸಣ್ಣದು: ‘ಸಿ-ಕಾಲ್’ ಇರುವಲ್ಲಿ ‘ಸಿ-ಎಪಿಐ’ ಎಂದು ಬರೆದರೆ, ಜಿಎಚ್‌ಸಿ ಒಂದು ಪುಟ್ಟ ಸಿ ತುಣುಕನ್ನು ತಯಾರಿಸಿ, ಕರೆಯುವ ಹೊಣೆಯನ್ನು ಸಿ ಕಂಪೈಲರಿಗೇ ಒಪ್ಪಿಸುತ್ತದೆ. ಹೆಡರ್ ಕಡತವನ್ನು ಓದಿದ ಸಿ ಕಂಪೈಲರಿಗೆ ನಿಯಮ ಗೊತ್ತಿರುತ್ತದೆ. ಲಿನಕ್ಸ್‌ನಲ್ಲಿ ಸರಿಯಾಗಿದ್ದು ಆಪಲ್ ಸಿಲಿಕಾನ್‌ನಲ್ಲಿ ಮಾತ್ರ ವಿಚಿತ್ರವಾಗಿ ವರ್ತಿಸುವ ಯಾವುದೇ ಪ್ರೋಗ್ರಾಂ ಸಿಕ್ಕರೂ, ಜಿಎಚ್‌ಸಿಗೆ ದೂರು ಬರೆಯುವ ಮುನ್ನ ‘ಓಪನ್’, ‘ಎಫ್‌ಕಂಟ್ರೋಲ್’, ‘ಐಯೋಕಂಟ್ರೋಲ್’, ‘ಪ್ರಿಂಟ್‌ಎಫ್’ ಇವುಗಳ ಘೋಷಣೆಯನ್ನು ದಯವಿಟ್ಟು ನೋಡಿ.

ಮ್ಯಾಕ್‌ನ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಎಕ್ಸ್86 ಪ್ರೊಸೆಸರುಗಳು ಮೆಮೊರಿಗೆ ಬರೆದದ್ದನ್ನು ಬರೆದ ಕ್ರಮದಲ್ಲೇ ತಮ್ಮೊಳಗಿನ ಇತರ ಕೋರ್‌ಗಳಿಗೆ (ಕೋರ್ ಭಾಷೆಯಲ್ಲ, ಲೆಕ್ಕ ಮಾಡುವ ಘಟಕಗಳಿಗೆ) ಕಾಣಿಸುತ್ತವೆ. ಆರ್ಮ್ ಪ್ರೊಸೆಸರುಗಳು ಆ ಭರವಸೆ ಕೊಡುವುದಿಲ್ಲ. ಪ್ರೋಗ್ರಾಂ ಜತೆ ಓಡುವ ಜಿಎಚ್‌ಸಿಯ ರನ್‌ಟೈಮ್‌ನಲ್ಲಿ ಎಲ್ಲೋ ಒಂದು ಮೆಮೊರಿ ಬ್ಯಾರಿಯರ್ (ಆ ಕ್ರಮವನ್ನು ಕಾಯುವ ಸೂಚನೆ) ಬಿಟ್ಟುಹೋಗಿದ್ದರೆ ನನ್ನ ಇಂಟೆಲ್ ಯಂತ್ರದಲ್ಲಿ ಅದು ವರ್ಷಗಟ್ಟಲೆ ಅಡಗಿ ಕುಳಿತೀತು, ಮ್ಯಾಕ್‌ನಲ್ಲಿ ಬೇಗ ಹೊರಬೀಳುವ ಸಾಧ್ಯತೆ ಹೆಚ್ಚು. ಎಲ್ಲ ಥ್ರೆಡ್‌ಗಳನ್ನೂ ಒಂದೇ ಕೋರ್‌ನಲ್ಲಿ ಸರದಿಯಂತೆ ಓಡಿಸುವ ಆರ್‌ಆರ್‌ಗೂ ಈ ಜಾತಿಯ ದೋಷ ಸಿಗುವುದಿಲ್ಲ.

ವಿಂಡೋಸ್‌ನಲ್ಲಿ ಕನ್ನಡ ಬರೆಯುವವರಿಗೆ ಮೊದಲು ಎದುರಾಗುವುದು ದೋಷವಲ್ಲದ ದೋಷ. ‘ಕನ್ನಡ’ ಎಂಬ ಪದವನ್ನು ಮುದ್ರಿಸುವ ಒಂದು ಸಾಲಿನ ಪ್ರೋಗ್ರಾಂ ಚೆನ್ನಾಗಿ ಕಂಪೈಲ್ ಆಗಿ, ಓಡಿಸಿದೊಡನೆ 3221ನೇ ಅಕ್ಷರವನ್ನು ಎನ್‌ಕೋಡ್ ಮಾಡಲಾಗದು ಎಂದು ಸಾಯುತ್ತದೆ. ‘ಕ’ ಅಕ್ಷರದ ಯುನಿಕೋಡ್ ಸಂಖ್ಯೆ ಅದು. ಆಕರ ಕಡತವನ್ನು ಜಿಎಚ್‌ಸಿ ಯಾವಾಗಲೂ ಯುಟಿಎಫ್-8 ಎಂದೇ ಓದುವುದರಿಂದ ಕಂಪೈಲರಿನ ತಪ್ಪೇನಿಲ್ಲ. ಕನ್ಸೋಲ್‌ನ ಕೋಡ್ ಪೇಜ್ (ಅಕ್ಷರಗಳ ಸಂಕೇತ ಪಟ್ಟಿ) ಹಳೆಯದು. ಅದನ್ನು 65001ಕ್ಕೆ, ಅಂದರೆ ಯುಟಿಎಫ್-8ಕ್ಕೆ, ಬದಲಿಸಬೇಕು, ಇಲ್ಲವೇ ಪ್ರೋಗ್ರಾಮಿನಲ್ಲೇ ಔಟ್‌ಪುಟ್‌ಗೆ ಯುಟಿಎಫ್-8 ಎಂದು ಹೇಳಬೇಕು. ಲೊಕೇಲ್ (ಭಾಷೆಯ ಸೆಟ್ಟಿಂಗ್) ಹೊಂದಿಸದ ಲಿನಕ್ಸ್ ಕಂಟೇನರ್‌ನಲ್ಲೂ ಇದೇ ಆಗುತ್ತದೆ.

ನಿಜವಾದ ತೊಂದರೆ ಲಿಂಕರ್‌ನದು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಜಿಎಚ್‌ಸಿಯ ಸಂವಾದ ರೂಪವಾದ ಜಿಎಚ್‌ಸಿ-ಐ ಸಾಮಾನ್ಯವಾಗಿ ಸಿಸ್ಟಮ್‌ನ ಡೈನಮಿಕ್ ಲಿಂಕರನ್ನೇ ಬಳಸುತ್ತದೆ. ವಿಂಡೋಸ್‌ನಲ್ಲಿ ರನ್‌ಟೈಮ್‌ನೊಳಗಿನ ಸ್ವಂತ ಲಿಂಕರ್ ಆಬ್ಜೆಕ್ಟ್ ಕಡತಗಳನ್ನು ಓದಿ ಜೋಡಿಸುತ್ತದೆ. ಆದ್ದರಿಂದ ಕಂಪೈಲ್ ಆಗುವಾಗಲೇ ಸಂಕೇತವನ್ನು ಓಡಿಸುವ ಟೆಂಪ್ಲೇಟ್ ಹ್ಯಾಸ್ಕೆಲ್ ಬಳಸುವ ಒಂದೇ ಮಾಡ್ಯೂಲ್ ಇಲ್ಲಿ ಬೇರೆಯದೇ ದಾರಿಯಲ್ಲಿ ಸಾಗುತ್ತದೆ, ಮತ್ತು ಇಲ್ಲಿನ ದೋಷವನ್ನು ಬೇರೆಲ್ಲೂ ಪುನರಾವರ್ತಿಸಲಾಗದು. ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್‌ನೊಳಗೆ ಕುಳಿತರೂ ಉಪಯೋಗವಿಲ್ಲ, ಅದು ಲಿನಕ್ಸೇ. 9.4ರಿಂದ ವಿಂಡೋಸ್‌ನ ಜಿಎಚ್‌ಸಿ ತನ್ನ ಜತೆ ಕ್ಲಾಂಗ್ ಎಂಬ ಸಿ ಕಂಪೈಲರ್ ಆಧಾರಿತ ಪರಿಕರಗಳನ್ನು ಕೊಡುತ್ತಿದೆ. ಹಾಗಾಗಿ ಅದಕ್ಕಿಂತ ಹಳೆಯ ಆವೃತ್ತಿಯ ಲಿಂಕಿಂಗ್ ದೂರುಗಳನ್ನು ಹೊಸದರ ಜತೆ ಹೋಲಿಸುವಾಗ ಎಚ್ಚರ ಬೇಕು. ಕ್ರ್ಯಾಷ್ ಡಂಪ್ ತೆಗೆಯುವ ಆಯ್ಕೆ ರನ್‌ಟೈಮ್‌ನಲ್ಲೇ ಇರುವುದು ಮೆಚ್ಚಬೇಕಾದದ್ದು.

ಉಳಿದ ಕೆಲವು ಅಂಶಗಳು ಸಣ್ಣವು. ಸಿ ಭಾಷೆಯ ‘ಲಾಂಗ್’ 64 ಬಿಟ್ ವಿಂಡೋಸ್‌ನಲ್ಲೂ 32 ಬಿಟ್ಟೇ. ಮ್ಯಾಕ್‌ನ ಕಡತ ವ್ಯವಸ್ಥೆ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆಯೆಂದು ನೋಡುವುದಿಲ್ಲ, ಆದ್ದರಿಂದ ಮಾಡ್ಯೂಲ್ ಹೆಸರಿನ ತಪ್ಪುಗಳಿಗೆ ಬೇರೆಯೇ ಸಂದೇಶ ಬರುತ್ತದೆ. ಲಿನಕ್ಸ್‌ನಲ್ಲಿ ಹಳೆಯ ಜಿಎಚ್‌ಸಿಗಳು ಟರ್ಮಿನಲ್‌ಗೆ ಸಂಬಂಧಿಸಿದ ಟಿನ್‌ಫೋ ಲೈಬ್ರರಿಯ 5ನೇ ಆವೃತ್ತಿಯನ್ನು ಬೇಡುತ್ತವೆ. ಅದನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕು. ಹಲವು ಆವೃತ್ತಿಗಳನ್ನು ಜತೆಗಿಟ್ಟುಕೊಳ್ಳಲು ಜಿಎಚ್‌ಸಿಅಪ್ ಎಂಬ ಸ್ಥಾಪಕ ಸಾಧನ ಮೂರೂ ಕಡೆ ಸಮಾನವಾಗಿ ಒದಗುತ್ತದೆ.

ನನ್ನ ರೂಢಿ ಹೀಗಿದೆ: ಯಾವ ಬದಲಾವಣೆಯಿಂದ ದೋಷ ನುಸುಳಿತೆಂದು ತಿಳಿಯಲು ಜಿಎಚ್‌ಸಿಯನ್ನೇ ಮತ್ತೆ ಮತ್ತೆ ಆಕರದಿಂದ ಕಟ್ಟುತ್ತೇನೆ. ಜಿಎಚ್‌ಸಿಯನ್ನು ಕಟ್ಟುವ ಸಾಧನವಾದ ಹೇಡ್ರಿಯನ್‌ನ ‘ಕ್ವಿಕ್’ ವಿಧಾನದಲ್ಲಿ ಲಿನಕ್ಸ್ ಯಂತ್ರವನ್ನು ರಾತ್ರಿ ಬಿಟ್ಟು ಮಲಗಿದರೆ ಬೆಳಿಗ್ಗೆಗೆ ಉತ್ತರ ಸಿಕ್ಕಿರುತ್ತದೆ. ವಿಂಡೋಸ್‌ನಲ್ಲಿ ಯುನಿಕ್ಸ್ ಮಾದರಿಯ ಪರಿಸರ ಒದಗಿಸುವ ಎಂಎಸ್‌ವೈಎಸ್2ರೊಳಗೆ ಕಾನ್ಫಿಗರ್ ಹಂತವೇ ತೆವಳುತ್ತದೆ. ಡೆಸ್ಕ್‌ಟಾಪ್‌ಗೆ ಕೊಟ್ಟ ಹಣ ಹೊಸ ಮ್ಯಾಕ್‌ಬುಕ್‌ನ ಬೆಲೆಯಲ್ಲಿ ಅರ್ಧವೂ ಆಗಲಿಲ್ಲ. ಸ್ವಂತ ದುಡ್ಡಿನಲ್ಲಿ ಒಂದೇ ಯಂತ್ರ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸಿ ಲೈಬ್ರರಿಗಳ ಜತೆ ದಿನವಿಡೀ ವ್ಯವಹರಿಸಿ, ಮ್ಯಾಕ್ ಬಳಕೆದಾರರಿಗೇ ಪ್ರೋಗ್ರಾಂ ಕೊಡುವವರು ಮಾತ್ರ ಮ್ಯಾಕ್ ಇಟ್ಟುಕೊಳ್ಳಲಿ. ವಿಂಡೋಸ್‌ನ ಸಣ್ಣಪುಟ್ಟ ಪರೀಕ್ಷೆಗಳಿಗೆ ದೂರದ ಯಂತ್ರಗಳಲ್ಲಿ ಪರೀಕ್ಷೆ ಓಡಿಸುವ ಗಿಟ್‌ಹಬ್ ಆಕ್ಷನ್ಸ್ ಸೇವೆ ಸಾಕು, ಎಲ್ಲರಿಗೂ ತೆರೆದಿರುವ ಯೋಜನೆಗಳಿಗೆ ಅದು ಉಚಿತ. ನಾನು ಮುಂದೆ ಖರ್ಚು ಮಾಡುವುದಿದ್ದರೆ ಇದೇ ಡೆಸ್ಕ್‌ಟಾಪ್‌ನ ಮೆಮೊರಿಯನ್ನು 32 ಜಿಬಿಗೆ ಏರಿಸಲು. ಆಗ ಎರಡು ಜಿಎಚ್‌ಸಿಗಳನ್ನು ಒಟ್ಟಿಗೆ ಕಟ್ಟಬಹುದು.