ಮಾರ್ಚ್ ತಿಂಗಳಲ್ಲಿ ಫಳಫಳ ಹೊಳೆಯುವ ಮರದ ದೋಣಿ ಕೊಳ್ಳಬೇಡಿ

ಸ್ಟಾಕ್‌ಹೋಮ್ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ಹಾಯಿದೋಣಿಯ ಹುಚ್ಚು ಹಿಡಿದವರು ಈಗ ಒಂದಷ್ಟು ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಳಿಗಾಲ ಮುಗಿಯುತ್ತಾ ಬಂದ ಹಾಗೆ ಜಾಹೀರಾತುಗಳು ಶುರುವಾಗುತ್ತವೆ. ಪೂರ್ತಿ ರಿಪೇರಿ ಆಗಿದೆ, ಹೊಸ ಬಣ್ಣ ಹೊಡೆದಿದೆ, ನೀರಿಗಿಳಿಸುವುದೊಂದೇ ಬಾಕಿ ಅಂತ. ಬೆಲೆಯೂ ಕಡಿಮೆ. ಕೆಲವನ್ನು ಪುಕ್ಕಟೆಯಾಗಿಯೇ ಕೊಡುತ್ತಾರೆ. ಅಂಥದ್ದೊಂದು ದೋಣಿಯನ್ನು ನಾನು ಕೊಂಡೆ. ಒಂದೇ ಬೇಸಿಗೆಯಲ್ಲಿ ಅದರ ಪಕ್ಕೆಲುಬುಗಳು ಒಂದೊಂದಾಗಿ ಬಿರಿದವು.

ದೋಣಿ ಫೋಕ್‌ಬೋಟ್. ಇಲ್ಲಿ ಇದನ್ನು ತಿಳಿಯದವರಿಲ್ಲ. ಸಾಮಾನ್ಯ ಜನರಿಗೂ ಕೈಗೆಟುಕುವ ದೋಣಿ ಬೇಕು ಅಂತ ಸ್ಕ್ಯಾಂಡಿನೇವಿಯಾದ ಹಾಯಿದೋಣಿ ಸಂಘದವರು ಒಂದು ವಿನ್ಯಾಸ ಸ್ಪರ್ಧೆ ನಡೆಸಿದ್ದರು. ಯಾವ ನಕ್ಷೆಯೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬಂದವುಗಳಲ್ಲಿ ಚೆನ್ನಾಗಿದ್ದ ಅಂಶಗಳನ್ನು ಕೂಡಿಸಿ ಟೂರ್ಡ್ ಸುಂಡೇನ್ ಕೊನೆಯ ನಕ್ಷೆ ಬರೆದರು. ಮೊದಲ ದೋಣಿ 1942ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ನೀರಿಗಿಳಿಯಿತು. ಉದ್ದ ಏಳೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ತೂಕ ಸುಮಾರು ಎರಡು ಟನ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೀಲ್‌ನದ್ದೇ, ಅಂದರೆ ದೋಣಿ ಮಗುಚದ ಹಾಗೆ ಅಡಿಯಲ್ಲಿ ಕೂರಿಸಿದ ಕಬ್ಬಿಣದ ಭಾರದ್ದು. ಎಂಥ ಗಾಳಿಗೂ ಹೆದರದ ದೋಣಿ. ಈಗಲೂ ನನಗೆ ಅದರ ಮೇಲೆ ಪ್ರೀತಿ ಇದೆ. ನನ್ನ ಸಿಟ್ಟು ದೋಣಿಯ ಮೇಲಲ್ಲ.

ಹಳೆಯ ಫೋಕ್‌ಬೋಟ್‌ನ ಮೈ ಹೇಗಿರುತ್ತದೆ ಅಂತ ಮೊದಲು ತಿಳಿದುಕೊಳ್ಳಬೇಕು. ಹೆಂಚು ಹೊದಿಸಿದ ಹಾಗೆ ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ. ಆ ಅಂಚುಗಳನ್ನು ತಾಮ್ರದ ರಿವೆಟ್ ಹಿಡಿದಿಟ್ಟಿರುತ್ತದೆ. ಒಳಗಡೆ ಹಬೆಯಲ್ಲಿ ಬಗ್ಗಿಸಿದ ತೆಳುವಾದ ಓಕ್ ಪಕ್ಕೆಲುಬುಗಳು. ನಡುವೆ ಅಂಟು ಇರುವುದಿಲ್ಲ. ಮರ ನೀರು ಕುಡಿದು ಉಬ್ಬುತ್ತದೆ, ಅಂಚು ಅಂಚಿಗೆ ಒತ್ತಿಕೊಳ್ಳುತ್ತದೆ, ನೀರು ನಿಲ್ಲುತ್ತದೆ. ಚಳಿಗಾಲಕ್ಕೆಂದು ಅಕ್ಟೋಬರ್‌ನಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿದಾಗ ನಿಧಾನವಾಗಿ ಕುಗ್ಗುತ್ತದೆ, ಮೇ ತಿಂಗಳಲ್ಲಿ ಇಳಿಸಿದಾಗ ಮತ್ತೆ ಉಬ್ಬುತ್ತದೆ. ಈ ಆಟಕ್ಕೆ ಜಾಗ ಬಿಟ್ಟರೆ ಅಂಥ ದೋಣಿ ಎಂಬತ್ತು ವರ್ಷವೂ ಬಾಳುತ್ತದೆ.

ನನಗೆ ಮಾರಿದವರು ಆ ಜಾಗವನ್ನೇ ಮುಚ್ಚಿಬಿಟ್ಟಿದ್ದರು. ಚಳಿಗಾಲ ಪೂರ್ತಿ ದೋಣಿಯನ್ನು ಹೀಟರ್ ಹಾಕಿದ ಶೆಡ್ಡಿನಲ್ಲಿ ಇಟ್ಟಿದ್ದರು. ಚಳಿನಾಡಿನಲ್ಲಿ ಹೀಟರ್ ಅಂದರೆ ಏನು ಗೊತ್ತಾ? ಮೈನಸ್ 10 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹಿಡಿಯಬಲ್ಲ ನೀರಾವಿ ಸುಮಾರು 2 ಗ್ರಾಂ. 20 ಡಿಗ್ರಿಯ ಗಾಳಿ 17 ಗ್ರಾಂ ಹಿಡಿಯುತ್ತದೆ. ಹೊರಗಿನ ಗಾಳಿಯನ್ನೇ ಒಳಗೆ ತಂದು ಬಿಸಿ ಮಾಡಿದರೆ ಅದು ಬಾಯಾರಿದ ಗಾಳಿ. ಎಲ್ಲಿ ತೇವ ಸಿಕ್ಕರೂ ಹೀರುತ್ತದೆ. ಅಂಗೈ ಅಗಲದ ಪೈನ್ ಹಲಗೆ ಹೀಗೆ ಒಣಗಿದರೆ ಒಂದೆರಡು ಮಿಲಿಮೀಟರ್ ಕುಗ್ಗುತ್ತದೆ. ಒಂದೊಂದು ಪಕ್ಕಕ್ಕೂ ಎಷ್ಟು ಹಲಗೆ ಇವೆ ಅಂತ ನೋಡಿ ಲೆಕ್ಕ ಹಾಕಿ. ಅಂಚುಗಳು ಬಾಯಿ ಬಿಡುತ್ತವೆ, ಹಲಗೆಯಲ್ಲೇ ಉದ್ದುದ್ದ ಸೀಳು ಬೀಳುತ್ತದೆ. ಅವರು ಆ ಸೀಳಿಗೆಲ್ಲ ಎಪಾಕ್ಸಿ ಪುಟ್ಟಿ ತುಂಬಿ, ಅಂಚುಗಳಿಗೆ ರಬ್ಬರ್ ಸೀಲಂಟ್ ಒತ್ತಿ, ಉಜ್ಜಿ, ಬಿಳಿ ಬಣ್ಣ ಹೊಡೆದು ಮಾರ್ಚ್‌ನಲ್ಲಿ ಮಾರಾಟಕ್ಕಿಟ್ಟರು. ಕನ್ನಡಿಯಂಥ ಮೈ. ಒಂದು ಗೆರೆ ಕಾಣುತ್ತಿರಲಿಲ್ಲ.

ದೋಣಿ ಕ್ಲಬ್ಬಿನ ಹಿರಿಯರೊಬ್ಬರನ್ನು ಕರೆದುಕೊಂಡೇ ನೋಡಲು ಹೋಗಿದ್ದೆ. ಬಿಸಿ ಶೆಡ್ಡಿನಲ್ಲಿ ಇಟ್ಟಿದ್ದಿರಾ ಅಂತ ನೇರವಾಗಿ ಕೇಳಿದೆವು. ಇಲ್ಲ, ಬಣ್ಣ ಹೊಡೆಯುವ ವಾರ ಮಾತ್ರ ಸ್ವಲ್ಪ ಬೆಚ್ಚಗೆ ಮಾಡಿದ್ದು ಅಂದರು. ಅದು ಸುಳ್ಳು. ನವೆಂಬರ್‌ನಿಂದಲೇ ಹೀಟರ್ ಉರಿಯುತ್ತಿತ್ತು ಅಂತ ಅದೇ ಶೆಡ್ಡಿನಲ್ಲಿ ದೋಣಿ ಇಟ್ಟಿದ್ದವರು ಆಮೇಲೆ ಹೇಳಿದರು.

ಮೇ ತಿಂಗಳಲ್ಲಿ ಇಳಿಸಿದಾಗ ನೀರು ಒಳಗೆ ಬಂತು. ಮರದ ದೋಣಿಗೆ ಅದು ಮಾಮೂಲು, ಅದಕ್ಕೇ ಪಂಪ್ ಇಟ್ಟುಕೊಂಡು ಕ್ರೇನಿನ ಪಟ್ಟಿಯಲ್ಲೇ ಸ್ವಲ್ಪ ಹೊತ್ತು ತೂಗಿಬಿಡುತ್ತಾರೆ. ಕೆಲವು ದಿನದಲ್ಲಿ ನೀರು ನಿಂತಿತು. ಎಲ್ಲರೂ ಖುಷಿಪಟ್ಟರು. ತೊಂದರೆ ಶುರುವಾಗಿದ್ದು ಆಮೇಲೆ. ಹಲಗೆ ಉಬ್ಬುತ್ತಲೇ ಇತ್ತು. ಸೀಳು ಮುಚ್ಚಿಕೊಳ್ಳಬೇಕಾದ ಜಾಗದಲ್ಲಿ ಕಲ್ಲಿನಷ್ಟು ಗಟ್ಟಿ ಪುಟ್ಟಿ ಕೂತಿತ್ತು, ಅದೇ ಬೆಣೆಯಾಯಿತು. ಸೀಳು ಮುಚ್ಚುವ ಬದಲು ಉದ್ದವಾಯಿತು. ಅಂಚುಗಳು ಒಂದನ್ನೊಂದು ಹೊರಕ್ಕೆ ತಳ್ಳಿದವು, ರಿವೆಟ್‌ಗಳು ಮರದೊಳಗೆ ಎಳೆದುಕೊಂಡವು. ಹಲಗೆಗಳನ್ನು ಹಿಡಿದಿದ್ದ ಓಕ್ ಪಕ್ಕೆಲುಬುಗಳು ಆ ಒತ್ತಡ ತಾಳಲಿಲ್ಲ. ರಾತ್ರಿ ದೋಣಿಯಲ್ಲಿ ಮಲಗಿದ್ದಾಗ ಲಟಕ್ ಅಂತ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಇನ್ನೊಂದು ಪಕ್ಕೆಲುಬು ಬಿರಿದಿರುತ್ತಿತ್ತು. ನೀರು ಮತ್ತೆ ಬರತೊಡಗಿತು. ಈ ಸಲ ನಿಲ್ಲಲಿಲ್ಲ.

ಮೇಲೆತ್ತಿ ದೋಣಿ ಬಡಗಿಗೆ ತೋರಿಸಿದೆ. ಅವರು ಬಣ್ಣ ಕೆರೆದ ಮೇಲೆ ಇನ್ನಷ್ಟು ಹೊರಬಿತ್ತು. ಕೀಲ್‌ಗೆ ತಾಗಿದ ಮೊದಲ ಹಲಗೆ ಲಡ್ಡು ಹಿಡಿದಿತ್ತು, ಅದರ ಮೇಲೂ ಪುಟ್ಟಿ. ಒಳಗಿನ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಪದರ ಪದರವಾಗಿದ್ದವು. ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇರುತ್ತದೆ. ಕಬ್ಬಿಣ, ತೇವ, ಓಕ್ ಮೂರೂ ಸೇರಿದರೆ ಮರ ಕಪ್ಪಾಗಿ ಮೆತ್ತಗಾಗುತ್ತದೆ. ರಿಪೇರಿಗೆ ಅವರು ಹೇಳಿದ ಮೊತ್ತ ದೋಣಿಯ ಬೆಲೆಯ ಎಷ್ಟೋ ಪಟ್ಟು.

ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಮರದ ದೋಣಿಗೆ ದೊಡ್ಡ ಶತ್ರು ಉಪ್ಪು ನೀರಿನಲ್ಲಿ ಮರ ಕೊರೆಯುವ ಹುಳ. ಇಲ್ಲಿಯ ಬಾಲ್ಟಿಕ್ ನೀರಿನಲ್ಲಿ ಉಪ್ಪು ತೀರಾ ಕಡಿಮೆ, ಆ ಹುಳ ಬದುಕುವುದಿಲ್ಲ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲೇ ಮುಳುಗಿದ ವಾಸಾ ಹಡಗು 1961ರಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿದ್ದಕ್ಕೆ ಅದೂ ಒಂದು ಕಾರಣ. ಮೇಲೆತ್ತಿದ ಮೇಲೆ ಮರ ಒಣಗಿ ಕುಗ್ಗಬಾರದು ಅಂತ ಅದಕ್ಕೆ 17 ವರ್ಷ ಪಾಲಿಇಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕ ಸಿಂಪಡಿಸಿದರು. ಆ ಹಡಗು ಇಟ್ಟಿರುವ ಮ್ಯೂಸಿಯಂ ನೋಡಿದವರಿಗೆ ಒಣಗುವುದು ಎಷ್ಟು ದೊಡ್ಡ ಅಪಾಯ ಅಂತ ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಮರ ಕೊಲ್ಲುವುದು ಮಳೆ ನೀರು, ಕರಗಿದ ಹಿಮ. ಡೆಕ್ಕಿನ ಸಂದಿಯಿಂದ ಇಳಿದು ಮೂಲೆಯಲ್ಲಿ ನಿಂತ ಸಿಹಿ ನೀರಿನಿಂದ ತೇವವಾದ ಮರದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಕೊರೆಯುವ ಚಳಿಯಲ್ಲಿ ಅದು ಸುಮ್ಮನಿರುತ್ತದೆ, ಏಪ್ರಿಲ್ ಬಂದ ಕೂಡಲೇ ಮತ್ತೆ ತಿನ್ನತೊಡಗುತ್ತದೆ. ಆದ್ದರಿಂದ ತಾರ್ಪಾಲನ್ನು ಬಿಗಿಯಾಗಿ ಸುತ್ತಬೇಡಿ. ಎರಡೂ ತುದಿ ತೆರೆದಿಟ್ಟು ಗಾಳಿ ಆಡಲು ಬಿಡಿ. ಬಿಸಿ ಇಲ್ಲದ, ಮಣ್ಣಿನ ನೆಲದ ಶೆಡ್ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಇನ್ನು ಕೊಳ್ಳುವ ವಿಷಯ. ಸೆಪ್ಟೆಂಬರ್‌ನಲ್ಲಿ, ದೋಣಿ ನೀರಿನಲ್ಲಿರುವಾಗಲೇ ನೋಡಿ. ಉಬ್ಬಿದ ಮರ ಸುಳ್ಳು ಹೇಳುವುದಿಲ್ಲ. ಒಳಗೆ ಕಾಲಿಡುವ ನೆಲದ ಹಲಗೆ ತೆಗೆಸಿ ಅದರಡಿ ಎಷ್ಟು ನೀರಿದೆ ನೋಡಿ, ಹಾಯಿ ಏರಿಸಿ ಒಂದು ಗಂಟೆ ಓಡಿಸಿ ಮತ್ತೆ ನೋಡಿ. ಆಮೇಲೆ ಮೇಲೆತ್ತುವ ದಿನ ಹೋಗಿ, ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಣ್ ಅನ್ನುತ್ತದೆ, ಲಡ್ಡು ಮರ ದಪ್ ಅನ್ನುತ್ತದೆ. ಅನುಮಾನ ಬಂದಲ್ಲಿ ಮಾರುವವರನ್ನು ಕೇಳಿ ದಬ್ಬಳ ಚುಚ್ಚಿ. ಬೇಡ ಅಂದರೆ ಅಲ್ಲಿಂದ ಹೊರಟುಬಿಡಿ. ಕೀಲನ್ನು ದೋಣಿಗೆ ಹಿಡಿದಿಡುವ ಬೋಲ್ಟ್‌ಗಳಲ್ಲಿ ಒಂದನ್ನಾದರೂ ಬಿಚ್ಚಿಸಿ ನೋಡಿ. ಹಳೆಯ ಬಣ್ಣ ಸುಲಿದ ದೋಣಿಯ ಬಗ್ಗೆ ಹೆದರಬೇಡಿ, ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಹೊಸ ಬಣ್ಣದ ದೋಣಿಯಾದರೆ ಬಣ್ಣ ಹೊಡೆಯುವ ಮುಂಚಿನ ಫೋಟೋ ಕೇಳಿ. ಎಪಾಕ್ಸಿ, ಸೀಲಂಟ್ ಎಂಬ ಮಾತು ಕಿವಿಗೆ ಬಿದ್ದರೆ ಎಲ್ಲೆಲ್ಲಿ ಹಾಕಿದ್ದಾರೆ ಅಂತ ಬರೆಸಿಕೊಳ್ಳಿ. ಅಗಸೆ ಎಣ್ಣೆ, ಪೈನ್ ಟಾರು, ಮೆತ್ತನೆಯ ಪುಟ್ಟಿ ಬಳಸಿದವರು ಅದನ್ನು ತಾವಾಗಿಯೇ ಹೇಳುತ್ತಾರೆ.

ಕಾನೂನಿನ ಬಗ್ಗೆಯೂ ಎರಡು ಮಾತು. ಖಾಸಗಿ ವ್ಯಕ್ತಿಯಿಂದ ಕೊಂಡರೆ ಸ್ವೀಡನ್ನಿನ 1990ರ ಖರೀದಿ ಕಾಯ್ದೆ ಅನ್ವಯಿಸುತ್ತದೆ. ಪರೀಕ್ಷೆ ಮಾಡಿದಾಗ ಕಾಣಬೇಕಿದ್ದ ದೋಷಕ್ಕೆ ಆಮೇಲೆ ದೂರುವ ಹಾಗಿಲ್ಲ. ಗ್ರಾಹಕರ ದೂರು ಮಂಡಳಿ ಅಂಗಡಿ, ಕಂಪನಿಗಳ ಮೇಲಿನ ದೂರನ್ನು ಮಾತ್ರ ನೋಡುತ್ತದೆ, ಇಂಥದ್ದನ್ನು ಅಲ್ಲ. ಆದರೆ 'ಇರುವ ಸ್ಥಿತಿಯಲ್ಲೇ ಮಾರಾಟ' ಅಂತ ಬರೆದಿದ್ದರೂ, ಗೊತ್ತಿದ್ದ ಮುಖ್ಯ ಸಂಗತಿಯನ್ನು ಮುಚ್ಚಿಟ್ಟರೆ ಮಾರಿದವರು ಹೊಣೆಯಾಗಬಹುದು. ತೊಂದರೆ ಕಂಡ ಕೂಡಲೇ ಬರವಣಿಗೆಯಲ್ಲಿ ತಿಳಿಸಿ, ತಡ ಮಾಡಿದಷ್ಟೂ ನಿಮ್ಮ ಹಕ್ಕು ಕರಗುತ್ತದೆ. ನಾನು ಫೋಟೋ, ಬಡಗಿಯ ವರದಿ ಎಲ್ಲ ಸೇರಿಸಿ ಕಳಿಸಿದ್ದೇನೆ. ಹೀಟರ್ ಹಾಕಿದ್ದಿರಾ ಅಂತ ಕೇಳಿದ್ದಕ್ಕೆ ಮಾರಿದವರು ಬಾಯಿಮಾತಿನಲ್ಲಷ್ಟೇ ಅಲ್ಲ, ಮೆಸೇಜಿನಲ್ಲೂ 'ಇಲ್ಲ' ಎಂದು ಬರೆದಿದ್ದರು. ಈಗ ನನ್ನ ಕೈಯಲ್ಲಿರುವ ಗಟ್ಟಿ ಆಧಾರ ಅದೊಂದೇ. ನೀವೂ ಮುಖ್ಯವಾದ ಪ್ರಶ್ನೆಗಳನ್ನು ಬರೆದೇ ಕೇಳಿ.

ಈ ಸೆಪ್ಟೆಂಬರ್‌ನಲ್ಲಿ ಯಾರಾದರೂ ಸ್ಟಾಕ್‌ಹೋಮ್ ಕಡೆ ಮರದ ದೋಣಿ ನೋಡಲು ಹೋಗುವುದಿದ್ದರೆ ಮುಂಚೆ ಒಂದು ಮಾತು ಹೇಳಿ. ಕೊಡತಿ, ದಬ್ಬಳ ಎರಡೂ ನನ್ನ ಹತ್ತಿರ ಇವೆ, ಜೊತೆಗೆ ಬರುತ್ತೇನೆ.